ಪೋರ್ಟೋನೋವಾ: ಸಿಹಿಗಿಂತ ಒಗರು ಹೆಚ್ಚು

ಪೋರ್ಟ್ ಎಂದೊಡನೆ ಚಿಕ್ಕಬಳ್ಳಾಪುರದ ಕಡೆಯವರಿಗೆ ನೆನಪಾಗುವುದು ವೈನ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ, ಸಕ್ಕರೆ ಪಾಕದಂತೆ ನಾಲಿಗೆಗೆ ಅಂಟುವ ಕೆಂಪು ವೈನು. ಆ ರುಚಿಯನ್ನು ಬಲ್ಲ ನಾನು ಪೋರ್ಟ್ ಪೀಪಾಯಿಯನ್ನು ಹಾದು ಬಂದ ಬೆಂಗಳೂರಿನ ವಿಸ್ಕಿ ಅಮೃತ್ ಪೋರ್ಟೋನೋವಾದ ಶೀಶೆಯನ್ನು ಮನೆಗೆ ತಂದಾಗ, ಒಳ್ಳೆಯ ಮಾಲ್ಟ್ ವಿಸ್ಕಿಯನ್ನು ಸಿಹಿ ಮಾಡಿ ಕೆಡಿಸಿರಬಹುದೆಂಬ ಗುಮಾನಿಯಲ್ಲೇ ಮುಚ್ಚಳ ತೆಗೆದೆ. ಮೂರು ವಾರಗಳಲ್ಲಿ ಐದು ಸಂಜೆ, ಒಮ್ಮೆಗೆ 30 ಮಿ.ಲೀ. ಮೀರದಂತೆ ರುಚಿ ನೋಡಿದ ಮೇಲೆ ಆ ಗುಮಾನಿ ಸುಳ್ಳಾಯಿತು.

ನಿಜವಾದ ಪೋರ್ಟ್ ಪೋರ್ಚುಗಲ್ಲಿನ ಡೋರು ಕಣಿವೆಯದು. ದ್ರಾಕ್ಷಿರಸ ಇನ್ನೂ ಹುದುಗುತ್ತಿರುವಾಗಲೇ ಅದಕ್ಕೆ ದ್ರಾಕ್ಷಿಯಿಂದ ಬಟ್ಟಿ ಇಳಿಸಿದ ಮದ್ಯಸಾರವನ್ನು ಸುರಿದರೆ ಹುದುಗುವಿಕೆ ಅಲ್ಲಿಗೇ ನಿಂತು, ಹುದುಗದೆ ಬಾಕಿಯಾದ ಹಣ್ಣಿನ ಸಕ್ಕರೆ ವೈನಿನಲ್ಲೇ ಉಳಿಯುತ್ತದೆ. ಇದನ್ನು ತುಂಬಿಡುವ, ಪೈಪ್ ಎಂದು ಕರೆಯುವ ಸುಮಾರು 550 ಲೀಟರಿನ ಪೀಪಾಯಿಗಳ ಮರ ವರ್ಷಗಟ್ಟಲೆ ವೈನನ್ನು ಹೀರಿಕೊಂಡಿರುತ್ತದೆ, ವಿಸ್ಕಿಯವರಿಗೆ ಬೇಕಿರುವುದು ಆ ಮರ. ಮೈಸೂರು ರಸ್ತೆಯ ಕಂಬೀಪುರದಲ್ಲಿರುವ ಅಮೃತ್ ಡಿಸ್ಟಿಲರಿ, 2004ರಲ್ಲಿ ತನ್ನ ಮೊದಲ ಸಿಂಗಲ್ ಮಾಲ್ಟನ್ನು (ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿ) ತನ್ನ ಊರಿಗಿಂತ ಮೊದಲು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಮಾರುಕಟ್ಟೆಗೆ ಇಳಿಸಿತ್ತು. 2011ರಲ್ಲಿ ಬಂದ ಪೋರ್ಟೋನೋವಾ, ಹೊಸ ಓಕ್ ಪೀಪಾಯಿ ಮತ್ತು ಅಮೆರಿಕದ ಬರ್ಬನ್ ವಿಸ್ಕಿ ತುಂಬಿಟ್ಟಿದ್ದ ಹಳೆಯ ಪೀಪಾಯಿಗಳಲ್ಲಿ ಮಾಗಿ, ಆಮೇಲೆ ಪೋರ್ಟ್ ಪೈಪುಗಳಿಗೆ ಹೋಗಿ, ಕೊನೆಗೆ ಮತ್ತೆ ಬರ್ಬನ್ ಪೀಪಾಯಿಗೆ ಮರಳುತ್ತದೆ. ಹಾಗಾಗಿ ಇದನ್ನು ಪೋರ್ಟ್‌ನಲ್ಲಿ ಮುಗಿಸಿದ ವಿಸ್ಕಿ ಎನ್ನುವುದಕ್ಕಿಂತ ಪೋರ್ಟನ್ನು ಹಾದು ಬಂದ ವಿಸ್ಕಿ ಎನ್ನುವುದೇ ಸರಿ.

ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಎರಡು ಪಾಲಿನಷ್ಟು ಆವಿಯಾದರೆ, ಬೆಂಗಳೂರಿನ ಹವೆಯಲ್ಲಿ ಹತ್ತು ಪಾಲು ದಾಟುತ್ತದೆ. ಇಷ್ಟು ವೇಗದಲ್ಲಿ ಮರದೊಡನೆ ಬೆರೆಯುವ ವಿಸ್ಕಿಗೆ ವಯಸ್ಸಿನ ಲೆಕ್ಕ ಅಷ್ಟಾಗಿ ಅನ್ವಯಿಸುವುದಿಲ್ಲ, ಲೇಬಲ್ಲಿನ ಮೇಲೆ ವಯಸ್ಸನ್ನು ನಮೂದಿಸಿಯೂ ಇಲ್ಲ. ಬಣ್ಣ ಮಾತ್ರ ಬಲಿತ ಹುಣಸೆ ಹಣ್ಣಿನದು, ದೀಪಕ್ಕೆ ಹಿಡಿದರೆ ಅಂಚಿನಲ್ಲಿ ಕೆಂಪು ಕಾಣುತ್ತದೆ.

ಮೊದಲ ಸಂಜೆ ನಾನು ಮಾಡಿದ್ದು ತಪ್ಪು. ಅಭ್ಯಾಸಬಲದಿಂದ ಪೆಗ್ಗಿಗೆ ಅಷ್ಟೇ ಪ್ರಮಾಣದ ನೀರು ಸುರಿದೆ; ಲೋಟ ಮಸುಕಾಯಿತು, ರುಚಿಯೂ ಚದುರಿತು. ಬೋರ್‌ವೆಲ್ ನೀರಿನ ಫ್ಲೋರೈಡನ್ನು ಬೈದುಕೊಂಡೇ ಕಾಲ ಕಳೆಯುವ ಜಿಲ್ಲೆಯವನಾದ್ದರಿಂದ ನಲ್ಲಿಯ ನೀರನ್ನೇ ದೂರಿ, ಮರುದಿನ ಕ್ಯಾನ್ ನೀರು ಬಳಸಿದೆ. ಆಗಲೂ ಮಸುಕು. ಕಾರಣ ಬೇರೆಯೇ ಇತ್ತು: ಈ ವಿಸ್ಕಿಯನ್ನು ತಣ್ಣಗೆ ಮಾಡಿ ಸೋಸಿರುವುದಿಲ್ಲವಾದ್ದರಿಂದ, ಮದ್ಯಸಾರದ ಪ್ರಮಾಣ ಇಳಿದಂತೆ ಅದರಲ್ಲಿರುವ ಎಣ್ಣೆಯಂಥ ಅಂಶಗಳು ಹೊರಬಂದು ಮಂಜಿನಂತೆ ಕಾಣಿಸುತ್ತವೆ. ಅದು ದೋಷವಲ್ಲ, ಆದರೆ ನೀರು ಹೆಚ್ಚಾಯಿತೆಂಬ ಸೂಚನೆ ಎಂದು ನಾನು ಇಟ್ಟುಕೊಂಡಿದ್ದೇನೆ. ನನ್ನ ಶೀಶೆಯ ಮೇಲೆ ಇರುವ ಮದ್ಯಸಾರದ ಪ್ರಮಾಣ ಶೇ 62.1. 30 ಮಿ.ಲೀ.ಗೆ ಎರಡು ಟೀ ಚಮಚ ನೀರು ಹಾಕಿದರೆ ಅದು ಸುಮಾರು 47ಕ್ಕೆ ಇಳಿಯುತ್ತದೆ, ಅದನ್ನೂ ಒಮ್ಮೆಲೇ ಹಾಕದೆ ಅರ್ಧರ್ಧ ಚಮಚವಾಗಿ, ನಡುನಡುವೆ ಮೂಸಿ ನೋಡುತ್ತಾ ಹಾಕಬೇಕು.

ನೀರಿಲ್ಲದೆ ಮೂಸಿದರೆ ಮೂಗು ಉರಿಯುತ್ತದೆ, ಆ ಉರಿಯ ಹಿಂದೆ ಚಕ್ಕೆ, ಲವಂಗ, ಹೊಸ ಮರದ ಹೊಟ್ಟಿನ ವಾಸನೆ ಇದೆ. ಮೊದಲ ಅರ್ಧ ಚಮಚಕ್ಕೆ ಆಲೆಮನೆಯ ಕೊಪ್ಪರಿಗೆಯಲ್ಲಿ ಬೆಲ್ಲ ತಳ ಹಿಡಿಯುವ ಹೊತ್ತಿನ ಕಂಪು ಏಳುತ್ತದೆ. ಇನ್ನೊಂದು ಹಾಕಿದ ಮೇಲೆ ಹಣ್ಣು ಬರುತ್ತದೆ, ತಾಜಾ ಹಣ್ಣಲ್ಲ, ಒಣದ್ರಾಕ್ಷಿ ಮತ್ತು ಬಿಸಿಲಿಗೆ ಬಾಡಿದ ನೇರಳೆ. ಬಾಯಲ್ಲಿ ಮೊದಲು ಸಿಹಿ, ಅದರ ಬೆನ್ನಿಗೇ ಕಹಿ ಕಾಫಿ, ಕೊನೆಗೆ ನಾಲಿಗೆಯ ಅಂಚು ಬಿಗಿಯುವ ಒಗರು. ಈ ಒಗರೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ನಂದಿ ಬೆಟ್ಟದ ಬುಡದಲ್ಲಿ ದ್ರಾಕ್ಷಿ ತೋಟವಿರುವ ಗೆಳೆಯನಿಗೆ ಒಂದು ಗುಟುಕು ಕೊಟ್ಟಾಗ ಅವನು ಹೇಳಿದ್ದು ಇಷ್ಟೇ: "ತೊಟ್ಟು ಸಮೇತ ದ್ರಾಕ್ಷಿ ಅಗಿದಂಗೈತಲ್ಲಣ್ಣ!" ಇದಕ್ಕಿಂತ ಚೆನ್ನಾದ ವಿವರಣೆ ನನಗೆ ಹೊಳೆದಿಲ್ಲ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯ ಘಮ ಇದರಲ್ಲಿ ಇಲ್ಲ, ಡೋರು ಕಣಿವೆಯ ತಳಿಗಳೇ ಬೇರೆ. ಆದರೆ ಸಿಪ್ಪೆ, ಬೀಜ, ತೊಟ್ಟುಗಳ ಒಗರು ಎಲ್ಲ ದ್ರಾಕ್ಷಿಗೂ ಸಮಾನವಾದದ್ದು.

ಕುಂದುಗಳೂ ಇವೆ. ಹೊಸ ಓಕ್ ಮರದ ಕಹಿ ಕೆಲವೊಮ್ಮೆ ಹಣ್ಣನ್ನು ಮುಚ್ಚಿಬಿಡುತ್ತದೆ, ಶೀಶೆ ತೆರೆದ ಮೊದಲ ವಾರದಲ್ಲಂತೂ ನನಗೆ ಮರವೇ ಹೆಚ್ಚಾಗಿ ಕಂಡಿತು. ಪೋರ್ಟ್ ಪೀಪಾಯಿಯ ಮೃದುತ್ವವನ್ನು ಬಯಸುವವರು ಶೇ 46ರ ಸ್ಕಾಚ್ ವಿಸ್ಕಿ ಗ್ಲೆನ್‌ಮೊರಾಂಜಿ ಕ್ವಿಂಟಾ ರೂಬಾನ್ ಕಡೆಗೆ ಹೋಗುವುದು ಲೇಸು; ಅದು ಚಾಕೊಲೇಟಿನಂತೆ ನಯವಾಗಿ ಜಾರುತ್ತದೆ, ಇದು ಪ್ರತಿ ಗುಟುಕಿಗೂ ಗಮನ ಬೇಡುತ್ತದೆ. ಸೋಡಾ ಬೆರೆಸುವವರಿಗೆ ಇದಕ್ಕೆ ಕೊಡುವ ದುಡ್ಡು ದಂಡ. ನಂಜಿಕೊಳ್ಳಲು ಖಾರದ ಕಡಲೆಬೀಜ ಇಟ್ಟ ಸಂಜೆ ಏನೂ ತಿಳಿಯಲಿಲ್ಲ. ಊಟವಾಗಿ ಒಂದು ಗಂಟೆಯ ನಂತರ, ಬಾಯಿ ಕಿರಿದಾದ ಲೋಟದಲ್ಲಿ, ನಂಜಿಕೊಳ್ಳಲು ಏನೂ ಇಲ್ಲದೆ ಕುಡಿದದ್ದೇ ಚೆನ್ನಾಗಿತ್ತು.

ಕೊಳ್ಳುವವರು ಶೀಶೆ ಎಲ್ಲಿ ನಿಂತಿತ್ತೆಂದು ನೋಡಬೇಕು. ನಾನು ಮೊದಲು ಹೋದ ಅಂಗಡಿಯಲ್ಲಿ ದುಬಾರಿ ಶೀಶೆಗಳನ್ನೆಲ್ಲ ಶೋಭೆಗೆಂದು ಪಶ್ಚಿಮದ ಗಾಜಿಗೆ ತಾಗಿಸಿ ಇಟ್ಟಿದ್ದರು, ಮಧ್ಯಾಹ್ನದ ಬಿಸಿಲು ನೇರವಾಗಿ ಅವುಗಳ ಮೇಲೆ ಬೀಳುತ್ತಿತ್ತು. ಅಲ್ಲಿಂದ ಸುಮ್ಮನೆ ಬಂದು, ಎರಡನೆಯ ಅಂಗಡಿಯಲ್ಲಿ ಒಳಗಿನ ಕಪಾಟಿನಿಂದ ಪೆಟ್ಟಿಗೆಯ ಸಮೇತ ತೆಗೆಸಿ ತಂದೆ.