ಕ್ಯಾಮ್ರಿ ಇಎಚ್101 ಡೈನಮೋಮೀಟರ್: ಹಿಡಿತ ಅಳೆಯುವ ಮೊದಲು ಗೇಣು ಅಳೆಯಿರಿ

ಗಂಡು–ಹೆಣ್ಣಿನ ವ್ಯತ್ಯಾಸವನ್ನು ತರಗತಿಯಲ್ಲಿ ಅಳೆದು ತೋರಿಸಬೇಕೆಂದರೆ ಹಿಡಿತದ ಬಲಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ. ಒಬ್ಬರಿಗೆ ಐದು ನಿಮಿಷ ಸಾಕು, ರಕ್ತ ತೆಗೆಯಬೇಕಿಲ್ಲ, ವ್ಯತ್ಯಾಸವೂ ದೊಡ್ಡದು. ಜರ್ಮನಿಯಲ್ಲಿ 20ರಿಂದ 25 ವರ್ಷದ 1,654 ಗಂಡಸರನ್ನೂ 533 ಹೆಂಗಸರನ್ನೂ ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡಸರ ಸರಾಸರಿ 541 ನ್ಯೂಟನ್, ಹೆಂಗಸರದ್ದು 329. ಕಿಲೋ ಲೆಕ್ಕದಲ್ಲಿ ಸುಮಾರು 55 ಮತ್ತು 33.5. ಚೆನ್ನಾಗಿ ತರಬೇತಾದ ಕ್ರೀಡಾಪಟು ಹೆಣ್ಣುಮಕ್ಕಳ ಸರಾಸರಿ 444 ನ್ಯೂಟನ್. ಅದು ಗಂಡಸರ ಸಾಲಿನಲ್ಲಿ ಕೆಳಗಿನಿಂದ ಕಾಲು ಭಾಗದ ಹತ್ತಿರ ನಿಲ್ಲುತ್ತದೆ.

ಇಷ್ಟು ಸ್ಪಷ್ಟವಾದ ವ್ಯತ್ಯಾಸವನ್ನೂ ತಪ್ಪಾಗಿ ಅಳೆಯಬಹುದು. ಹಿಡಿತದ ಬಲ ಅಳೆಯುವ ಕೈಯಂತ್ರ (ಡೈನಮೋಮೀಟರ್) ಕ್ಯಾಮ್ರಿ ಇಎಚ್101 ಬಳಸುವಾಗ ಆಗುವ ದೊಡ್ಡ ತಪ್ಪುಗಳು ಎರಡು. ಒಂದು ವ್ಯತ್ಯಾಸವನ್ನು ಅಳಿಸಿಬಿಡುತ್ತದೆ, ಇನ್ನೊಂದು ಹಿಗ್ಗಿಸುತ್ತದೆ.

ಮೊದಲು ಯಂತ್ರದ ವಿಷಯ. 90 ಕೆಜಿವರೆಗೆ ಅಳೆಯುತ್ತದೆ, 0.1 ಕೆಜಿ ಅಂತರದಲ್ಲಿ ತೋರಿಸುತ್ತದೆ, ಎರಡು ಎಎಎ ಸೆಲ್ ಬೇಕು. ಒತ್ತಿ ಬಿಟ್ಟ ಮೇಲೆ ಅತಿ ಹೆಚ್ಚಿನ ಅಂಕಿ ಪರದೆಯ ಮೇಲೆ ಉಳಿಯುವುದರಿಂದ ಬರೆದುಕೊಳ್ಳಲು ಅವಸರವಿಲ್ಲ. ಆಸ್ಪತ್ರೆಗಳಲ್ಲಿ ಮಾನದಂಡವೆನಿಸಿದ ಜಾಮರ್ ಹೈಡ್ರಾಲಿಕ್ ಡೈನಮೋಮೀಟರ್‌ಗೆ ಸೆಲ್ ಬೇಡ, ಗಟ್ಟಿಮುಟ್ಟು. ಆದರೆ ಬೆಲೆ ಹಲವು ಪಟ್ಟು, ಹಿಡಿಕೆಯ ಜಾಗಗಳೂ ಐದೇ. ಕಾಲೇಜಿನ ಪ್ರಯೋಗಾಲಯಕ್ಕೆ ಇಎಚ್101 ಸಾಕು ಎನ್ನುವುದು ನಮ್ಮ ಅಭಿಪ್ರಾಯ. ಎರಡೂ ಇದ್ದರೆ ಅಂಕಿಗಳನ್ನು ಒಂದೇ ಪಟ್ಟಿಯಲ್ಲಿ ಬೆರೆಸಬೇಡಿ.

ಈಗ ಅಳಿಸುವ ತಪ್ಪು. ಶುರು ಮಾಡುವಾಗ ಯಂತ್ರ ವಯಸ್ಸು ಮತ್ತು ಲಿಂಗ ಕೇಳುತ್ತದೆ. ಕೊನೆಯಲ್ಲಿ ಕೆಜಿ ಅಂಕಿಯ ಜೊತೆ ವೀಕ್, ನಾರ್ಮಲ್, ಸ್ಟ್ರಾಂಗ್ ಎಂಬ ತೀರ್ಪೂ ಕೊಡುತ್ತದೆ. ಆ ತೀರ್ಪು ಬರುವುದು ಗಂಡಿಗೊಂದು, ಹೆಣ್ಣಿಗೊಂದು ಪಟ್ಟಿಯಿಂದ. ಅಂದರೆ ನೀವು ಹುಡುಕುತ್ತಿರುವ ವ್ಯತ್ಯಾಸವನ್ನು ಅದು ಮೊದಲೇ ಕಳೆದುಬಿಟ್ಟಿರುತ್ತದೆ. ವಿದ್ಯಾರ್ಥಿಗಳು ಆ ಪದವನ್ನೇ ಬರೆದುಕೊಂಡು ಎಣಿಸಿದರೆ ಗಂಡುಹೆಣ್ಣು ಇಬ್ಬರಲ್ಲೂ ‘ನಾರ್ಮಲ್’ ಹೆಚ್ಚು, ಆದ್ದರಿಂದ ವ್ಯತ್ಯಾಸವಿಲ್ಲ ಎಂಬ ಉತ್ತರ ಬರುತ್ತದೆ. ಆ ಪಟ್ಟಿ ಯಾವ ಜನರ ಅಳತೆಯಿಂದ ಬಂದದ್ದೆಂದೂ ಪರದೆ ಹೇಳುವುದಿಲ್ಲ. ಬರೆದುಕೊಳ್ಳಬೇಕಾದದ್ದು ಕೆಜಿ ಮಾತ್ರ. ವಯಸ್ಸಾದವರ ಸ್ನಾಯುಕ್ಷಯದ ತಪಾಸಣೆಗೆ ಮಿತಿ ಬೇಕಿದ್ದರೆ ಏಷ್ಯಾದ ತಜ್ಞರ ಗುಂಪು 2019ರಲ್ಲಿ ಕೊಟ್ಟದ್ದು ಇದೆ: ಗಂಡಸರಿಗೆ 28 ಕೆಜಿಗಿಂತ ಕಡಿಮೆ, ಹೆಂಗಸರಿಗೆ 18ಕ್ಕಿಂತ ಕಡಿಮೆ.

ಹಿಗ್ಗಿಸುವ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಅದೇ ಹೆಚ್ಚು ಅಪಾಯ. ಮಧ್ಯದ ತಿರುಗಣೆ ತಿರುಗಿಸಿದರೆ ಹಿಡಿಕೆ ಹತ್ತಿರ ಅಥವಾ ದೂರ ಸರಿಯುತ್ತದೆ. ಬಹಳ ಕಡೆ ಮೊದಲ ವಿದ್ಯಾರ್ಥಿಗೆ ಹೊಂದಿಸಿದ್ದನ್ನೇ ಕೊನೆಯವರವರೆಗೂ ಹಾಗೇ ಬಿಡುತ್ತಾರೆ. ಕೈ ಚಿಕ್ಕದಿದ್ದವರ ಬೆರಳು ಆಗ ಹಿಡಿಕೆಯನ್ನು ಸುತ್ತುವುದಿಲ್ಲ, ತುದಿ ಮಾತ್ರ ಸಿಕ್ಕಿ ಜಾರುತ್ತದೆ. ಇರುವ ಬಲವೂ ಅಂಕಿಗೆ ಬರುವುದಿಲ್ಲ. ಚಿಕ್ಕ ಕೈಗಳು ಹೆಣ್ಣುಮಕ್ಕಳಲ್ಲೇ ಹೆಚ್ಚಾದ್ದರಿಂದ, ಹಿಡಿಕೆ ಮಾಡಿದ ತಪ್ಪು ಹೆಣ್ಣಿನ ದೌರ್ಬಲ್ಯವಾಗಿ ವರದಿಯಲ್ಲಿ ಕೂರುತ್ತದೆ.

ಇದಕ್ಕೆ ಪರಿಹಾರ ನಮ್ಮ ಗೇಣಿನಲ್ಲೇ ಇದೆ. 2002ರ ಒಂದು ಸ್ಪ್ಯಾನಿಷ್ ಅಧ್ಯಯನ ಇದನ್ನೇ ಪರೀಕ್ಷಿಸಿತು. ಗಂಡಸರಿಗೆ ಹಿಡಿಕೆಯ ಅಂತರ 5.5 ಸೆಂ.ಮೀ. ಎಂದು ಒಂದೇ ಇಟ್ಟರೆ ಸಾಕು, ಹೆಂಗಸರಿಗೆ ಮಾತ್ರ ಗೇಣಿಗೆ ತಕ್ಕಂತೆ ಹೊಂದಿಸಬೇಕು ಎಂದು ಕಂಡುಕೊಂಡಿತು. ಗೇಣನ್ನು 5ರಿಂದ ಭಾಗಿಸಿ 1.5 ಕೂಡಿಸಿ. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ 18 ಸೆಂ.ಮೀ. ಇದ್ದರೆ ಅಂತರ 5.1, 16 ಇದ್ದರೆ 4.7. ಮೇಜಿನ ಅಂಚಿಗೆ ಸ್ಕೇಲ್ ಅಂಟಿಸಿ, ಕೈ ಪೂರ್ತಿ ಅಗಲಿಸಿ ಅಳೆಯಿರಿ. ಸೂತ್ರ ಬೇರೆ ಯಂತ್ರದ ಮೇಲೆ ಸಿದ್ಧವಾದದ್ದು, ಆದ್ದರಿಂದ ಇದು ಆರಂಭದ ಅಂತರ ಅಷ್ಟೆ. ಹೊಂದಿಸಿದ ಮೇಲೆ ಬೆರಳಿನ ಮಧ್ಯದ ಗಿಣ್ಣು ಹಿಡಿಕೆಯ ಮೇಲೆ ಬಂದಿದೆಯೇ ನೋಡಿ.

ಕೂರಿಸುವ ಕ್ರಮ: ಬೆನ್ನಿಗೆ ಆಸರೆಯಿರುವ, ಕೈ ಇಡುವ ತೋಳಿಲ್ಲದ ಕುರ್ಚಿ. ಪಾದ ನೆಲಕ್ಕೆ ಊರಿರಬೇಕು, ಮೇಲ್ತೋಳು ಪಕ್ಕೆಗೆ ತಾಗಿರಬೇಕು, ಮೊಣಕೈ 90 ಡಿಗ್ರಿ ಮಡಿಸಿರಬೇಕು. ಉಂಗುರ ತೆಗೆಸಿ, ಬಳೆ ಮೇಲಕ್ಕೆ ಸರಿಸಿ, ಬೆವರು ಒರೆಸಿ. ಉದ್ದ ಉಗುರು ಅಂಗೈಗೆ ಚುಚ್ಚಿದರೆ ಯಾರೂ ಪೂರ್ತಿ ಬಲ ಹಾಕುವುದಿಲ್ಲ, ಹಾಗಾಗಿ ಹಿಂದಿನ ದಿನವೇ ಹೇಳಿಡಿ. ಮೂರು ಸೆಕೆಂಡ್ ಒತ್ತುವುದು, ಒಂದು ನಿಮಿಷ ಬಿಡುವು, ಹೀಗೆ ಮೂರು ಸಲ. ಸರಾಸರಿ ತೆಗೆದುಕೊಳ್ಳುವಿರೋ ಅತಿ ಹೆಚ್ಚಿನದೋ ಎಂಬುದನ್ನು ಮೊದಲೇ ತೀರ್ಮಾನಿಸಿ.

ಮನಶ್ಶಾಸ್ತ್ರ ಬರುವುದು ಇಲ್ಲೇ. ಗೆಳೆಯರು ಸುತ್ತ ನಿಂತು ಕೂಗುತ್ತಿದ್ದರೆ ನೀವು ಅಳೆಯುವುದು ಸ್ನಾಯುವನ್ನಲ್ಲ, ಪೈಪೋಟಿಯನ್ನು. ಅಳೆಯುವವರು ಯಾರು ಎಂಬುದೂ ಲೆಕ್ಕಕ್ಕೆ ಬರುತ್ತದೆ. 1991ರ ಒಂದು ಪ್ರಯೋಗದಲ್ಲಿ ತಣ್ಣೀರಿನಲ್ಲಿ ಕೈಯಿಟ್ಟ ಗಂಡಸರು, ಎದುರು ಹೆಣ್ಣು ಪ್ರಯೋಗಕಾರ್ತಿ ಇದ್ದಾಗ ಕಡಿಮೆ ನೋವು ಎಂದು ಹೇಳಿದರು. ಆದ್ದರಿಂದ ಕೋಣೆಯಲ್ಲಿ ಇಬ್ಬರೇ ಇರಲಿ, ಪರದೆ ಅಳೆಯುವವರ ಕಡೆ ತಿರುಗಿರಲಿ, ‘ಜೋರಾಗಿ ಒತ್ತಿ, ಇನ್ನೂ ಜೋರಾಗಿ’ ಎಂಬ ಮಾತನ್ನು ಎಲ್ಲರಿಗೂ ಅದೇ ದನಿಯಲ್ಲಿ ಹೇಳಿ. ಅಳೆದವರು ಗಂಡೋ ಹೆಣ್ಣೋ ಎಂಬುದಕ್ಕೂ ಒಂದು ಕಾಲಂ ಇಡಿ.

ಎತ್ತರ ಮತ್ತು ತೂಕಕ್ಕೂ ಕಾಲಂ ಬೇಕು. ವ್ಯತ್ಯಾಸದ ದೊಡ್ಡ ಪಾಲು ಸ್ನಾಯುವಿನ ಪ್ರಮಾಣದಿಂದ ಬರುತ್ತದೆ. ಪ್ರೌಢಾವಸ್ಥೆಗೆ ಮೊದಲು ಹುಡುಗ–ಹುಡುಗಿಯರ ಅಂಕಿ ಹತ್ತಿರ ಹತ್ತಿರ ಇರುತ್ತದೆ, ಟೆಸ್ಟೋಸ್ಟಿರೋನ್ ಏರಿದ ಮೇಲೆ ಹುಡುಗರ ಗೆರೆ ಕಡಿದಾಗಿ ಮೇಲೇಳುತ್ತದೆ. ಈ ಫಲಿತಾಂಶದಿಂದ ಮನಸ್ಸಿನ ಬಗ್ಗೆ ತೀರ್ಮಾನಕ್ಕೆ ಜಿಗಿಯುವುದಂತೂ ಬೇಡವೇ ಬೇಡ. 2005ರಲ್ಲಿ ಮನಶ್ಶಾಸ್ತ್ರಜ್ಞೆ ಜಾನೆಟ್ ಹೈಡ್ 46 ಮೆಟಾ-ವಿಶ್ಲೇಷಣೆಗಳನ್ನು (ಹಲವು ಅಧ್ಯಯನಗಳ ಫಲಿತಾಂಶ ಕೂಡಿಸಿ ತೆಗೆದ ಲೆಕ್ಕಗಳನ್ನು) ಒಟ್ಟಿಗೆ ನೋಡಿದಾಗ ಗಂಡು–ಹೆಣ್ಣಿನ ಮಾನಸಿಕ ವ್ಯತ್ಯಾಸಗಳಲ್ಲಿ ಶೇ. 78ರಷ್ಟು ಸಣ್ಣವು ಅಥವಾ ಸೊನ್ನೆಯ ಹತ್ತಿರದವು.

ವರ್ಷಕ್ಕೆರಡು ಸಲ ಯಂತ್ರವನ್ನು ಪರೀಕ್ಷಿಸಿ. ಚೌಕಟ್ಟನ್ನು ಅಲುಗದಂತೆ ಕಟ್ಟಿ, ಹಿಡಿಕೆಯ ನಡುವಿಗೆ ಅಗಲವಾದ ಪಟ್ಟಿ ಹಾಕಿ, ಸರ್ಕಾರಿ ಮುದ್ರೆಯಿರುವ ತೂಕದ ಬಟ್ಟುಗಳನ್ನು 10 ಮತ್ತು 20 ಕೆಜಿ ಆಗುವಂತೆ ಮೆಲ್ಲಗೆ ತೂಗುಬಿಡಿ. ದಡಕ್ಕನೆ ಬಿಟ್ಟರೆ ಆ ಎಳೆತವೇ ಗರಿಷ್ಠ ಅಂಕಿಯಾಗಿ ಉಳಿದುಬಿಡುತ್ತದೆ. ಜಿಮ್‌ನ ತಟ್ಟೆಗಳನ್ನು ನಂಬಬೇಡಿ, ಅವುಗಳ ಮೇಲೆ ಬರೆದ ತೂಕವೂ ನಿಜವಾದ ತೂಕವೂ ಒಂದೇ ಇರಬೇಕೆಂದಿಲ್ಲ.