ಪೆಟ್ಟಿಗೆ ಗಟ್ಟಿ, ಡ್ರೈವರ್ ಟೊಳ್ಳು: ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಹಲವು ವರ್ಷ ಬಳಸಿದ ಮೇಲೆ

ಎರಡು ಮೈಕ್ ಹಾಕುವ ಸಣ್ಣ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಇದು, ಅಂದರೆ ಮೈಕ್‌ನ ದನಿಯನ್ನು ಕಂಪ್ಯೂಟರ್‌ಗೆ ದಾಟಿಸುವ ಪೆಟ್ಟಿಗೆ. ಕಂಪನಿ ಹೆಸರು ಬರೆಯುತ್ತಿಲ್ಲ. ಈ ಬೆಲೆಯ ಹಳೇ ಮಾಡೆಲ್‌ಗಳಲ್ಲಿ ಇದೇ ಕತೆ ಬೇರೆಯವರ ಹತ್ತಿರವೂ ಕೇಳಿದ್ದೇನೆ, ಒಬ್ಬರನ್ನೇ ಹಿಡಿದು ಬೈದರೆ ಏನು ಸಿಗುತ್ತೆ? ಮನೆಯಲ್ಲಿ ಹಾಡು, ವೀಣೆ ರೆಕಾರ್ಡ್ ಮಾಡಲು, ಆನ್‌ಲೈನ್ ಸಂಗೀತ ಪಾಠಕ್ಕೆ, ಆಗೊಮ್ಮೆ ಈಗೊಮ್ಮೆ ಸ್ನೇಹಿತರ ಪಾಡ್‌ಕಾಸ್ಟ್‌ಗೆ ಬಳಸುತ್ತೇನೆ. ತೊಗೊಂಡಾಗ ವಿಂಡೋಸ್ 7 ಇತ್ತು. ಆಮೇಲೆ 10 ಬಂತು, ಈಗ ಒಂದು ಲ್ಯಾಪ್‌ಟಾಪ್‌ನಲ್ಲಿ 11, ಇನ್ನೊಂದರಲ್ಲಿ ಲಿನಕ್ಸ್. ಪೆಟ್ಟಿಗೆ ಮಾತ್ರ ಅದೇ.

ಧ್ವನಿ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ, ಚೆನ್ನಾಗಿದೆ. ಮೈಕ್‌ನ ದನಿ ಹೆಚ್ಚು ಕಡಿಮೆ ಮಾಡುವ ಗೇನ್ ತಿರುಪು ಒಂದು ಈಗ ತಿರುಗಿಸುವಾಗ ಕರಕರ ಅನ್ನುತ್ತೆ, ಅಷ್ಟೇ. ತಲೆನೋವೆಲ್ಲ ಸಾಫ್ಟ್‌ವೇರ್ ಕಡೆಯದು.

ಮೊದಲು ಡ್ರೈವರ್ ವಿಷಯ, ಅಂದರೆ ಸಾಧನದ ಜೊತೆ ಮಾತಾಡಲು ಕಂಪ್ಯೂಟರ್‌ಗೆ ಬೇಕಾದ ಸಾಫ್ಟ್‌ವೇರ್. ಯುಎಸ್‌ಬಿ ಆಡಿಯೋಗೆ ಅಂತಲೇ ಒಂದು ಸಾಮಾನ್ಯ ನಿಯಮ ಇದೆ, ಆಡಿಯೋ ಕ್ಲಾಸ್ ಅಂತಾರೆ. ಆ ನಿಯಮದಂತೆ ಮಾಡಿದ ಸಾಧನಕ್ಕೆ ಬೇರೆ ಡ್ರೈವರ್ ಬೇಕಿಲ್ಲ, ಚುಚ್ಚಿದರೆ ಸಾಕು. ಆದರೆ ಈ ನಿಯಮದ ಎರಡನೇ ಆವೃತ್ತಿಯನ್ನು ವಿಂಡೋಸ್ ತಾನಾಗಿಯೇ ಗುರುತಿಸಲು ಶುರು ಮಾಡಿದ್ದು 2017ರಲ್ಲಿ, ವಿಂಡೋಸ್ 10ರ 1703 ಅಪ್‌ಡೇಟ್‌ನಿಂದ. ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಅದಕ್ಕೆ ಎಷ್ಟೋ ವರ್ಷ ಮೊದಲೇ ಇತ್ತು. ಹಾಗಾಗಿ ಎರಡನೇ ಆವೃತ್ತಿ ಬಳಸುವ ಆ ಕಾಲದ ಇಂಟರ್‌ಫೇಸ್‌ಗಳಿಗೆ ವಿಂಡೋಸ್‌ನಲ್ಲಿ ಕಂಪನಿಯ ಸ್ವಂತ ಡ್ರೈವರ್ ಹಾಕಲೇಬೇಕಿತ್ತು. ನನ್ನದಕ್ಕೂ ಅಷ್ಟೇ. ವಿಂಡೋಸ್ 11ಕ್ಕೆ ಹೋದ ಕೂಡಲೇ ಆ ಡ್ರೈವರ್ ಸತ್ತು ಹೋಯಿತು. ಮೆಮೊರಿ ಇಂಟಿಗ್ರಿಟಿ ಅನ್ನುವ ಭದ್ರತೆ ಆನ್ ಇದ್ದರೆ, ಅದಕ್ಕೆ ಹೊಂದದ ಹಳೇ ಡ್ರೈವರ್‌ಗಳನ್ನು ಒಳಗೇ ಬಿಡುವುದಿಲ್ಲ. ಆ ಭದ್ರತೆ ತಪ್ಪಲ್ಲ. ಡ್ರೈವರ್ ಮಾಡಿದವರು ಹೊಸದು ಕೊಡಬೇಕಿತ್ತು. ಸಪೋರ್ಟ್‌ಗೆ ಬರೆದರೆ ಬಂದ ಉತ್ತರ ಏನು ಗೊತ್ತಾ? ಈ ಮಾಡೆಲ್ ನಿಂತಿದೆ, ಹೊಸ ಮಾಡೆಲ್ ನೋಡಿ ಅಂತ. ಭದ್ರತೆ ಆಫ್ ಮಾಡಿ ಅಂತ ಸಲಹೆ ಕೊಡುವವರೂ ಇದ್ದಾರೆ, ಬ್ಯಾಂಕ್ ಕೆಲಸವೂ ಮಾಡುವ ಲ್ಯಾಪ್‌ಟಾಪ್‌ನಲ್ಲಿ ಒಂದು ಮೈಕ್‌ಗೋಸ್ಕರ ನಾನಂತೂ ಮಾಡಲ್ಲ.

ಅದೇ ಪೆಟ್ಟಿಗೆಯನ್ನು ಲಿನಕ್ಸ್‌ಗೆ ಹಾಕಿದೆ. ಏನೂ ಇನ್‌ಸ್ಟಾಲ್ ಮಾಡದೆ ಎರಡೂ ಇನ್‌ಪುಟ್ ಬಂದವು. ನಾನು ರೆಕಾರ್ಡ್ ಮಾಡುವ ಪ್ರೋಗ್ರಾಂ ರೀಪರ್‌ಗೆ ಲಿನಕ್ಸ್ ಆವೃತ್ತಿಯೂ ಇದೆ, ಹಳೇ ಪ್ರಾಜೆಕ್ಟ್‌ಗಳು ತೆರೆದವು, ವಿಂಡೋಸ್ ಪ್ಲಗಿನ್‌ಗಳು (ಅದರ ಜೊತೆ ಸೇರಿಸುವ ಚಿಕ್ಕ ಪ್ರೋಗ್ರಾಂಗಳು) ಮಾತ್ರ ಹೋದವು. ವಿಂಡೋಸ್ 11ರಲ್ಲೂ ಕಂಪನಿ ಡ್ರೈವರ್ ಪೂರ್ತಿ ಕಿತ್ತು ಹಾಕಿ ಮತ್ತೆ ಚುಚ್ಚಿದರೆ ವಿಂಡೋಸ್‌ನ ಸ್ವಂತ ಡ್ರೈವರ್ ಹಿಡಿದುಕೊಳ್ಳುತ್ತೆ. ಶಬ್ದ ಬರುತ್ತೆ, ಆದರೆ ಕಂಪನಿಯ ಎಎಸ್ಐಒ ಹೋಯಿತು. ಎಎಸ್ಐಒ ಅಂದರೆ ಸ್ಟೈನ್‌ಬರ್ಗ್‌ನವರು ಮಾಡಿದ ದಾರಿ, ವಿಂಡೋಸ್‌ನ ಮಿಕ್ಸರ್ ದಾಟಿಕೊಂಡು ಪ್ರೋಗ್ರಾಂ ನೇರವಾಗಿ ಸಾಧನದ ಜೊತೆ ಮಾತಾಡುತ್ತೆ, ತಡ ಕಡಿಮೆ. 48,000 ಸ್ಯಾಂಪಲ್ ದರದಲ್ಲಿ (ಸೆಕೆಂಡಿಗೆ ದನಿಯನ್ನು ಅಷ್ಟು ಸಲ ಅಳೆಯುವುದು) 256ರ ಬಫರ್ (ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಸ್ಯಾಂಪಲ್‌ಗಳು) ಇಟ್ಟರೆ ಒಂದು ಬಫರ್‌ಗೇ 5.3 ಮಿಲಿಸೆಕೆಂಡ್. ಹೋಗುವುದಕ್ಕೊಂದು, ಬರುವುದಕ್ಕೊಂದು, ಮೇಲೆ ಡ್ರೈವರ್‌ನ ಸ್ವಂತ ತಡ. ಹೆಡ್‌ಫೋನ್ ಹಾಕಿ ಹಾಡುವವರಿಗೆ ತಮ್ಮ ದನಿ ತಮಗೇ ಹಿಂದಿನಿಂದ ಕೇಳಿದರೆ ತಾಳ ಜಾರುತ್ತೆ. ಈಗ ಎಎಸ್ಐಒ4ಆಲ್ ಹಾಕಿ ನಡೆಸುತ್ತಿದ್ದೇನೆ, ಅದು ಎಎಸ್ಐಒ ವೇಷ ಹಾಕಿದ ವಿಂಡೋಸ್ ಡ್ರೈವರ್ ಅಷ್ಟೇ, ಆದರೂ ಕೆಲಸ ಆಗುತ್ತೆ. ಹಾಡುವಾಗ ಪೆಟ್ಟಿಗೆಯಲ್ಲೇ ಇರುವ ಡೈರೆಕ್ಟ್ ಮಾನಿಟರ್ ಒತ್ತಿಬಿಟ್ಟರೆ ಈ ಗೋಳೇ ಇಲ್ಲ, ದನಿ ಕಂಪ್ಯೂಟರ್‌ವರೆಗೆ ಹೋಗದೆ ನೇರ ಕಿವಿಗೆ ಬರುತ್ತೆ.

ಎಲ್ಲಕ್ಕಿಂತ ವಿಚಿತ್ರ ಸ್ಯಾಂಪಲ್ ದರದ ಜಗಳ. ಹಳೇ ಡ್ರೈವರ್‌ನ ಪ್ಯಾನಲ್ 44,100ರಲ್ಲಿ ನಿಂತಿರುತ್ತಿತ್ತು, ಪ್ರೋಗ್ರಾಂ 48,000 ಅಂದುಕೊಂಡಿರುತ್ತಿತ್ತು, ಇಬ್ಬರೂ ಪರಸ್ಪರ ಹೇಳಿಕೊಳ್ಳುತ್ತಿರಲಿಲ್ಲ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. 5 ನಿಮಿಷ ಹಾಡಿದ ಕೀರ್ತನೆ 4 ನಿಮಿಷ 36 ಸೆಕೆಂಡ್‌ನಲ್ಲಿ ಮುಗಿಯುತ್ತೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಏರಿರುತ್ತೆ. ಅಂದರೆ ಷಡ್ಜ ಹೋಗಿ ಶುದ್ಧ ರಿಷಭ ದಾಟಿ, ಚತುಶ್ರುತಿ ರಿಷಭವನ್ನೂ ಮುಟ್ಟದೆ ನಡುವೆ ಎಲ್ಲೋ ಕೂರುತ್ತೆ. ಮಜಾ ಅಂದರೆ ಇದು ತಕ್ಷಣ ಗೊತ್ತಾಗಲ್ಲ, ಯಾಕಂದ್ರೆ ಹಿಂದಿನ ತಂಬೂರಿಯೂ ಜೊತೆಗೇ ಏರಿರುತ್ತೆ, ಹಾಡಿನೊಳಗೆ ಎಲ್ಲ ಸರಿಯಾಗೇ ಇರುತ್ತೆ. ಪಾಠದ ಹುಡುಗಿಯೊಬ್ಬಳು ತನ್ನ ಮನೆಯ ಶ್ರುತಿ ಪೆಟ್ಟಿಗೆ ಹಾಕಿಕೊಂಡು ಅಭ್ಯಾಸ ಮಾಡಲು ಹೋಗಿ, ಯಾವ ಶ್ರುತಿಗೂ ಕೂರ್ತಿಲ್ಲ ಅಂತ ಫೋನ್ ಮಾಡಿದಾಗಲೇ ಬಯಲಾಗಿದ್ದು. ವಿಂಡೋಸ್ ಸೌಂಡ್ ಸೆಟ್ಟಿಂಗ್, ಡ್ರೈವರ್ ಪ್ಯಾನಲ್, ಪ್ರಾಜೆಕ್ಟ್ ಮೂರರಲ್ಲೂ ಒಂದೇ ಅಂಕಿ ಇಡಿ. ನಾನು ಎಲ್ಲ ಕಡೆ 48,000 ಇಟ್ಟುಬಿಟ್ಟಿದ್ದೇನೆ, ವಿಡಿಯೋಗೂ ಅದೇ ನಡೆಯುತ್ತೆ.

ಒಂದು ಪೋರ್ಟನ್ನು ಹಲವು ಮಾಡುವ ಹಬ್ ವಿಷಯ ಬೇಗ ಹೇಳಿಬಿಡ್ತೀನಿ. ಯುಎಸ್‌ಬಿ 2 ಪೋರ್ಟ್‌ನಿಂದ ಸಿಗುವುದು 500 ಮಿಲಿಆಂಪ್. ಕರೆಂಟ್ ಅಡಾಪ್ಟರ್ ಇಲ್ಲದ ಹಬ್ ಅಷ್ಟನ್ನೇ ಎಲ್ಲರಿಗೂ ಹಂಚಬೇಕು. ಅದರಲ್ಲೇ ಕೇಬಲ್‌ನಲ್ಲೇ ಮೈಕ್‌ಗೆ ಹೋಗುವ 48 ವೋಲ್ಟ್ ಕರೆಂಟ್, ಅಂದರೆ ಫ್ಯಾಂಟಮ್ ಪವರ್ ಹುಟ್ಟಬೇಕು, ಪಕ್ಕದಲ್ಲಿ ಹಾರ್ಡ್ ಡಿಸ್ಕ್ ಬೇರೆ. ಪಟಪಟ ಸದ್ದು, ನಡುವೆ ಸಾಧನವೇ ಮಾಯ. ಇಂಟರ್‌ಫೇಸ್ ನೇರ ಲ್ಯಾಪ್‌ಟಾಪ್‌ಗೆ, ಮೌಸ್ ಗೀಸ್ ಎಲ್ಲ ಹಬ್‌ಗೆ. ಪವರ್ ಸೆಟ್ಟಿಂಗ್‌ನಲ್ಲಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿದ ಮೇಲೆ ಸುಮ್ನೆ ಬಿಟ್ಟಾಗ ನಿದ್ದೆ ಹೋಗುವುದೂ ನಿಂತಿತು. ಚಾರ್ಜರ್ ಹಾಕಿದಾಗ ಬರುವ ಗುಂಯ್ ಸದ್ದು ಹೋಗಿಲ್ಲ, ರೆಕಾರ್ಡ್ ಮಾಡುವಾಗ ಚಾರ್ಜರ್ ಕಿತ್ತಿಡುತ್ತೇನೆ.

ಪಾಡ್‌ಕಾಸ್ಟ್‌ಗೆ ಅಂತ ಎರಡು ಯುಎಸ್‌ಬಿ ಮೈಕ್ ತೊಗೊಳ್ಳುವ ಯೋಚನೆ ಇರುವವರಿಗೆ: ಬೇಡ. ಒಂದೊಂದು ಮೈಕ್‌ನೊಳಗೂ ಅದರದ್ದೇ ಗಡಿಯಾರ ಇರುತ್ತೆ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೂ ಒಂದು ಗಂಟೆಯಲ್ಲಿ 0.18 ಸೆಕೆಂಡ್ ಅತ್ತಿತ್ತ ಆಗಿ, ಪ್ರಶ್ನೆ ಉತ್ತರ ಒಂದರ ಮೇಲೊಂದು ಬೀಳುತ್ತವೆ. ಮ್ಯಾಕ್‌ನಲ್ಲಿ ಎರಡನ್ನೂ ಸೇರಿಸಿ ಈ ಜಾರುವಿಕೆ (ಡ್ರಿಫ್ಟ್) ಸರಿ ಮಾಡುವ ಸೌಲಭ್ಯ ಇದೆ, ವಿಂಡೋಸ್‌ನಲ್ಲಿ ಸುತ್ತು ದಾರಿಗಳೇ ಗತಿ. ಒಂದು ಇಂಟರ್‌ಫೇಸ್, ಎರಡು ಸಾದಾ ಎಕ್ಸ್‌ಎಲ್‌ಆರ್ ಮೈಕ್ (ಮೂರು ಕಡ್ಡಿಯ ಪ್ಲಗ್‌ನದು), ಗಡಿಯಾರ ಒಂದೇ, ಅಷ್ಟೇ ಸಾಕು.

ಹಾಗಾದರೆ ಇದಕ್ಕೆ ಎಷ್ಟು ಸ್ಟಾರ್? ಯಂತ್ರಕ್ಕೆ ನಾಲ್ಕು, ಡ್ರೈವರ್‌ಗೆ ಒಂದು. ಮುಂದಿನದನ್ನು ತೊಗೊಳ್ಳುವಾಗ ಸ್ಯಾಂಪಲ್ ದರ 192 ಕಿಲೋಹರ್ಟ್ಸ್ ಅಂತ ದಪ್ಪ ಅಕ್ಷರದಲ್ಲಿ ಬರೆದಿರುವುದನ್ನು ನೋಡಲ್ಲ. ಕ್ಲಾಸ್ ಕಂಪ್ಲೈಂಟ್ (ಮೇಲೆ ಹೇಳಿದ ಆಡಿಯೋ ಕ್ಲಾಸ್ ನಿಯಮಕ್ಕೆ ಹೊಂದುವುದು) ಅಂತ ಎಲ್ಲಾದರೂ ಸಣ್ಣ ಅಕ್ಷರದಲ್ಲಿ ಇದೆಯಾ ಅಂತ ನೋಡ್ತೀನಿ. ಅಂಗಡಿಯವನಿಗೆ ಆ ಮಾತು ಗೊತ್ತಿಲ್ಲದಿದ್ದರೆ ಐಪ್ಯಾಡ್‌ಗೆ ಡ್ರೈವರ್ ಇಲ್ಲದೆ ನಡೆಯುತ್ತಾ ಅಂತ ಕೇಳಿ. ನಡೆಯುತ್ತೆ ಅಂದರೆ ಹೆಚ್ಚುಕಡಿಮೆ ಅದೇ ಅರ್ಥ, ಲಿನಕ್ಸ್‌ನಲ್ಲೂ ಸಾಮಾನ್ಯವಾಗಿ ಓಡುತ್ತೆ. ಟೈಪ್-ಸಿ ಇರುವುದನ್ನು ತೊಗೊಂಡರೆ ಜೊತೆಗೆ ಬಂದ ಕೇಬಲ್ ಕಳೆಯಬೇಡಿ, ಮನೆಯಲ್ಲಿ ಬಿದ್ದಿರುವ ಕೆಲವು ಚಾರ್ಜಿಂಗ್ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರಲ್ಲ, ದೀಪ ಹತ್ತುತ್ತೆ, ಕಂಪ್ಯೂಟರ್‌ಗೆ ಮಾತ್ರ ಏನೂ ಕಾಣಲ್ಲ.