ಹೆಡ್‌ಶೆಲ್ ಮೇಲೆ ನಾಣ್ಯ ಇಡಬೇಡಿ

ಮನೆಯಲ್ಲಿ ಹಳೇ ಎಲ್‌ಪಿ ಇಟ್ಟುಕೊಂಡವರು, ಟರ್ನ್‌ಟೇಬಲ್‌ಗೆ ಹೊಸ ಕಾರ್ಟ್ರಿಜ್ (ಸೂಜಿ ಕೂತಿರುವ, ದನಿ ಹಿಡಿಯುವ ಸಣ್ಣ ಪೆಟ್ಟಿಗೆ) ಹಾಕಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಪ್ಪ ಜೋಪಾನವಾಗಿ ಇಟ್ಟಿದ್ದ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿಯ ಒಂದು ಬದಿ ನನ್ನ ಕೈಯಲ್ಲೇ ಹಾಳಾಯಿತು. ಅದಕ್ಕೆ ಮೂರೇ ವಾರ ಸಾಕಾಯಿತು.

ಕಳೆದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್ ತಗೊಂಡೆ. ಯಂತ್ರ ಚೆನ್ನಾಗಿತ್ತು, ಸೂಜಿ ಮಾತ್ರ ಸವೆದಿತ್ತು. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಹೊಸ ಹೆಡ್‌ಶೆಲ್ (ಸೂಜಿಯ ತೋಳಿನ ತುದಿಗೆ ಸಿಕ್ಕಿಸುವ, ಕಾರ್ಟ್ರಿಜ್ ಹಿಡಿದಿಡುವ ತುಂಡು) ಕೊಂಡು, ಅದಕ್ಕೆ ಆಡಿಯೋ ಟೆಕ್ನಿಕಾ ವಿಎಂ95ಇ ಕಾರ್ಟ್ರಿಜ್ ಕೂರಿಸಿಕೊಂಡೆ. ಕಾರ್ಟ್ರಿಜ್ ಅಸಲಿ, ಅದರದ್ದೇನೂ ತಪ್ಪಿಲ್ಲ. "ಎಲ್ಲಾ ರೆಡಿ ಐತ್ರಿ ಸರ, ಹೋಗಿ ಹಚ್ಚಿಬಿಡ್ರಿ" ಅಂದರು. ಧಾರವಾಡಕ್ಕೆ ಬಂದು ಹಚ್ಚಿದೆ. ಸೂಜಿ ಹಾಡಿನ ನಡುವೆ ಜಿಗಿಯತೊಡಗಿತು. ಫೋನ್ ಮಾಡಿದೆ. "ಒಂದ್ ರೂಪಾಯಿ ನಾಣ್ಯ ಮ್ಯಾಲ ಹಚ್ಚರಿ ಸರ, ಕುಂದರತೈತಿ" ಅಂದರು. ಟೇಪ್ ಹಾಕಿ ಹಚ್ಚಿದೆ. ಜಿಗಿತ ನಿಂತಿತು. ದಿನಾ ರಾತ್ರಿ ಊಟ ಆದಮೇಲೆ ಅದೇ ಎಲ್‌ಪಿ ಕೇಳಿದೆ.

ಒಂದು ಸಂಜೆ ಓಣಿಯ ಕಾಕಾ ಬಂದಿದ್ದರು. ಧಾರವಾಡ ಆಕಾಶವಾಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಎರಡು ನಿಮಿಷ ಸುಮ್ನೆ ಕೂತು ಕೇಳಿದರು. ಆಮೇಲೆ ಕೇಳಿದ ಮೊದಲ ಮಾತು, "ತಮ್ಮಾ, ಡಗ್ಗಾ ಎಲ್ಲಿ ಹೋತು?"

ನಿಜ. ತಬಲಾದ ಬಲಗೈ ಕೇಳುತ್ತಿತ್ತು, ಎಡಗೈಯ ಗುಮುಕು ಇರಲೇ ಇಲ್ಲ. ಮನ್ಸೂರರ ದನಿ ಎದುರಿಗೆ ನಿಲ್ಲದೆ ಕೋಣೆಯಲ್ಲೆಲ್ಲ ಚದುರಿಹೋಗಿತ್ತು. ನಾನು ಹಳೇ ರೆಕಾರ್ಡಿಂಗ್ ಅಂದುಕೊಂಡಿದ್ದೆ. ಕಾಕಾ ಹೆಡ್‌ಶೆಲ್ ಬಿಚ್ಚಿ ದೀಪಕ್ಕೆ ಹಿಡಿದರು. ಹಿಂದೆ ನಾಲ್ಕು ಕೂದಲೆಳೆ ವೈರ್. ಬಿಳಿ ಎಡದ ಪ್ಲಸ್, ನೀಲಿ ಎಡದ ಮೈನಸ್, ಕೆಂಪು ಬಲದ ಪ್ಲಸ್, ಹಸಿರು ಬಲದ ಮೈನಸ್. ನನ್ನದರಲ್ಲಿ ಕೆಂಪು, ಹಸಿರು ಅದಲುಬದಲಾಗಿದ್ದವು. ಹೀಗಾದರೆ ಎರಡೂ ಸ್ಪೀಕರ್ ಕೆಲಸ ಮಾಡುತ್ತವೆ, ಆದರೆ ಒಂದು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. ಡಗ್ಗಾದಂಥ ಕೆಳಗಿನ ಸ್ವರದ ದನಿಗಳು ಒಂದನ್ನೊಂದು ತಿಂದುಹಾಕುತ್ತವೆ. ವೈರ್ ಬದಲಿಸಿದ ಕೂಡಲೇ ಡಗ್ಗಾ ವಾಪಸ್ ಬಂತು. ಬದಲಿಸುವಾಗ ವೈರ್ ಹಿಡಿದು ಎಳೆಯಬೇಡಿ, ಅದರ ತುದಿಯ ಕ್ಲಿಪ್ ಹಿಡಿಯಿರಿ. ಕಾರ್ಟ್ರಿಜ್ ಪಿನ್‌ಗೆ ಬೆಸುಗೆ ಹಾಕಲು ಯಾರಿಗೂ ಬಿಡಬೇಡಿ, ಒಳಗಿನ ಸುರುಳಿ ಸುಟ್ಟೀತು.

ವೈರ್ ತಪ್ಪಿದ್ದರಿಂದ ರೆಕಾರ್ಡ್‌ಗೆ ಪೆಟ್ಟಾಗಲಿಲ್ಲ. ಪೆಟ್ಟು ಕೊಟ್ಟದ್ದು ಆ ನಾಣ್ಯ. ಹಳೇ ಹೆಡ್‌ಶೆಲ್, ಕಾರ್ಟ್ರಿಜ್ ಸೇರಿ ಹೊಸದಕ್ಕಿಂತ ಭಾರ ಇದ್ದವು. ಮುಂದಿನ ಭಾರ ಕಡಿಮೆಯಾದಾಗ ಟೋನ್‌ಆರ್ಮ್‌ನ, ಅಂದರೆ ಸೂಜಿಯ ತೋಳಿನ, ಹಿಂದಿನ ತೂಕವನ್ನೂ ಹೊಸದಾಗಿ ಹೊಂದಿಸಬೇಕು. ಅದನ್ನು ನನಗೆ ಯಾರೂ ಹೇಳಲಿಲ್ಲ. ಸೂಜಿ ಹಗುರಾಗಿ ತೇಲಿತು, ಜಿಗಿಯಿತು. ಅದರ ಮೇಲೆ ನಾಣ್ಯ ಬಂತು. 2011ರಿಂದ ಬಂದ ಒಂದು ರೂಪಾಯಿ ನಾಣ್ಯ 3.79 ಗ್ರಾಂ ತೂಗುತ್ತದೆ. ಈ ಕಾರ್ಟ್ರಿಜ್‌ಗೆ ತಯಾರಕರು ಹೇಳಿರುವ ಒತ್ತು 1.8ರಿಂದ 2.2 ಗ್ರಾಂ. ಆಮೇಲೆ ಅಳೆದು ನೋಡಿದರೆ ನನ್ನ ಸೂಜಿ 4.5 ಗ್ರಾಂ ಒತ್ತುತ್ತಿತ್ತು.

ಅಳೆಯುವುದರಲ್ಲೂ ಒಂದು ಮೋಸ ಇದೆ. ಮೊದಲು ಪರಿಚಯದ ಅಕ್ಕಸಾಲಿಗರ ಸಣ್ಣ ತಕ್ಕಡಿ ತಂದಿದ್ದೆ. ಸೂಜಿ ಇನ್ನೂ ತಟ್ಟೆಗೆ ತಾಕಿರಲಿಲ್ಲ, ಅಷ್ಟರಲ್ಲೇ ಟಪ್ ಅಂತ ಕೆಳಗೆ ಎಳೆದುಕೊಂಡಿತು. ಕಾರ್ಟ್ರಿಜ್ ಒಳಗೆ ಅಯಸ್ಕಾಂತ ಇದೆ, ತಟ್ಟೆ ಅಯಸ್ಕಾಂತ ಹಿಡಿಯುವ ಉಕ್ಕು. ಆ ಲೆಕ್ಕ ನಂಬಬೇಡಿ. ಸೂಜಿಗೆಂದೇ ಸಿಗುವ ಉಕ್ಕಿಲ್ಲದ ಡಿಜಿಟಲ್ ತಕ್ಕಡಿ ತರಿಸಿಕೊಳ್ಳಿ.

ಮೂರನೇ ತಪ್ಪು ಸ್ಕ್ರೂ ಬಿಗಿದ ಜಾಗದ್ದು. ಹೆಡ್‌ಶೆಲ್‌ನಲ್ಲಿ ಉದ್ದನೆಯ ಎರಡು ಸೀಳು ಇರುತ್ತವಲ್ಲ, ಅವು ಕಾರ್ಟ್ರಿಜ್ ಹಿಂದೆಮುಂದೆ ಸರಿಸುವುದಕ್ಕೆ. ಟೆಕ್ನಿಕ್ಸ್‌ನಲ್ಲಿ ಹೆಡ್‌ಶೆಲ್ ಬುಡದ ರಬ್ಬರ್ ಉಂಗುರದಿಂದ ಸೂಜಿಯ ತುದಿಗೆ 52 ಮಿಲಿಮೀಟರ್ ಬರಬೇಕು. ನನ್ನದು 47 ಇತ್ತು. ಇದರ ಪೆಟ್ಟು ಜಾಸ್ತಿ ಕೇಳುವುದು ರೆಕಾರ್ಡ್‌ನ ಒಳಗಿನ ಗೆರೆಗಳಲ್ಲಿ. ಹೊರ ಅಂಚಿನಲ್ಲಿ ಗೆರೆ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡುತ್ತದೆ, ಒಳಗೆ ಬಂದಾಗ ಬರೀ 21. ಅಷ್ಟೇ ಸಂಗೀತ ಕಡಿಮೆ ಜಾಗದಲ್ಲಿ ಕಿಕ್ಕಿರಿದಿರುತ್ತದೆ. ನಮ್ಮ ಹಿಂದುಸ್ತಾನಿ ಎಲ್‌ಪಿಗಳಲ್ಲಿ ವೇಗದ ದ್ರುತ್, ಸರಸರ ಸ್ವರಗಳ ತಾನ್ ಎಲ್ಲ ಬರುವುದು ಅಲ್ಲೇ ಅಲ್ವಾ? ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ ತಾನುಗಳು ಈಗ ಹರಿದ ಬಟ್ಟೆಯಂತೆ ಕೇಳಿಸುತ್ತವೆ. ಎಲ್ಲ ಸರಿಮಾಡಿ, ಹೊಸ ಸೂಜಿ ಹಾಕಿದರೂ ಹಾಗೇ ಇದೆ. ಗೆರೆಯೇ ತರಚಿಹೋಗಿದೆ.

ಆದ್ದರಿಂದ ಅಂಗಡಿಯಲ್ಲಿ ಯಾರು ಕೂರಿಸಿಕೊಟ್ಟರೂ ಮನೆಗೆ ಬಂದು ನೀವೇ ನೋಡಿ. ಹೆಡ್‌ಶೆಲ್ ಕೊಳ್ಳುವಾಗಲೇ ರಬ್ಬರ್ ಉಂಗುರ ಇದೆಯಾ, ಕೈಯಲ್ಲಿ ಅಲ್ಲಾಡಿಸಿದರೆ ಕುತ್ತಿಗೆ ಸಡಿಲ ಇದೆಯಾ, ಹಿಂದಿನ ನಾಲ್ಕು ಪಿನ್ ಹೊಳೆಯುತ್ತಿವೆಯಾ ನೋಡಿ. ಸ್ಕ್ರೂ ಬಿಗಿಯುವಾಗ ಸೂಜಿಗೆ ಮುಚ್ಚಳ ಇರಲಿ. ಆಮೇಲೆ ಮುಚ್ಚಳ ತೆಗೆದು, ಆಂಟಿಸ್ಕೇಟ್ (ತೋಳು ಒಳಕ್ಕೆ ಎಳೆದುಕೊಳ್ಳುವುದನ್ನು ತಡೆಯುವ ಗುಂಡಿ) ಸೊನ್ನೆಗೆ ಇಟ್ಟು, ಟೋನ್‌ಆರ್ಮ್ ಗಾಳಿಯಲ್ಲಿ ಸಮನಾಗಿ ತೇಲುವ ತನಕ ಹಿಂದಿನ ತೂಕ ತಿರುಗಿಸಿ. ತೇಲಿದಾಗ ತೂಕದ ಮುಂದಿರುವ ಅಂಕಿಯ ಉಂಗುರವನ್ನು ಮಾತ್ರ ಸೊನ್ನೆಗೆ ತನ್ನಿ. ನಂತರ ತೂಕ, ಉಂಗುರ ಎರಡೂ ಸೇರಿಸಿ 2ರ ತನಕ ತಿರುಗಿಸಿ, ಆಂಟಿಸ್ಕೇಟ್ ಕೂಡ 2 ಮಾಡಿ, ತಕ್ಕಡಿಯಲ್ಲಿ ಖಾತ್ರಿ ಮಾಡಿಕೊಳ್ಳಿ. ಕಾರ್ಟ್ರಿಜ್ ಸರಿಯಾಗಿ ಕೂತಿದೆಯಾ ಅಂತ ಕೋನ ನೋಡುವ ಕಾಗದದ ಮಾಪು ಪ್ರಿಂಟ್ ಹಾಕಿಸುವುದಾದರೆ ಅಂಗಡಿಯವರು ಪುಟಕ್ಕೆ ಹೊಂದಿಸಲು ಕುಗ್ಗಿಸಿಬಿಡುತ್ತಾರೆ. ಅದರಲ್ಲಿರುವ ಅಳತೆಗೆರೆಗೆ ಸ್ಕೇಲ್ ಹಿಡಿದು ನೋಡಿದ ಮೇಲೇ ಬಳಸಿ. ಮೊದಲ ಸಲ ಕೇಳುವುದಕ್ಕೆ, ಹಾಳಾದರೂ ಪರವಾಗಿಲ್ಲ ಅನ್ನುವ ರೆಕಾರ್ಡ್ ಇಡಿ. ಜಿಗಿದರೆ ನಿಲ್ಲಿಸಿ, ಕಾರಣ ಹುಡುಕಿ.

ಅಂಗಡಿಯವರು ಕೂರಿಸಿದ ಕೂಲಿ ವಾಪಸ್ ಕೊಟ್ಟರು. ಎಲ್‌ಪಿಯ ಇನ್ನೊಂದು ಬದಿಯನ್ನು ನಾಣ್ಯ ಇದ್ದಾಗ ನಾನು ಹಾಕಿರಲಿಲ್ಲ, ಅದು ಚೆನ್ನಾಗಿದೆ. ಹುಬ್ಬಳ್ಳಿ-ಧಾರವಾಡದಲ್ಲಿ ಯಾರಾದರೂ ಕಾರ್ಟ್ರಿಜ್ ಬದಲಿಸುವವರಿದ್ದರೆ ರೆಕಾರ್ಡ್ ಇಡುವ ಮೊದಲು ಒಂದು ಮಾತು ಹೇಳಿ. ತಕ್ಕಡಿ ನನ್ನ ಹತ್ತಿರ ಇದೆ, ಮನೆಗೇ ತರುತ್ತೇನೆ.